ರೋಮಿನಿಂದ ಒಂದು ದಿನದ ಒರ್ವಿಯೆತೊ: ಬಾವಿಯಿಂದ ಶುರು ಮಾಡಿ, ಚರ್ಚಿನಲ್ಲಿ ಮುಗಿಸಿ

ರೋಮ್ ನೋಡಲು ಹೊರಟವರು ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ: ಒಂದು ದಿನ ಉಳಿಸಿಕೊಳ್ಳಿ, ಒರ್ವಿಯೆತೊಗೆ ಹೋಗಿ ಬನ್ನಿ. ಉಂಬ್ರಿಯಾ ಪ್ರಾಂತ್ಯದ ಈ ಊರು ರೋಮಿನಿಂದ ಫ್ಲಾರೆನ್ಸಿಗೆ ಹೋಗುವ ರೈಲು ದಾರಿಯಲ್ಲೇ ಸಿಗುತ್ತದೆ. ಕೆಳಗೆ ಪಾಲಿಯಾ ನದಿಯ ಬಯಲು, ದ್ರಾಕ್ಷಿ ತೋಟಗಳು. ನಡುವೆ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ಎದ್ದಿರುವ ಕಂದು ಬಂಡೆ. ಆ ಬಂಡೆಯ ನೆತ್ತಿಯ ಮೇಲೆ ಇಡೀ ಊರು.

ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲ ಎಲ್ಲರ ಹಾಗೆ ಮೇಲೆ ಹತ್ತಿದ ಕೂಡಲೇ ನೇರ ದೊಡ್ಡ ಚರ್ಚಿಗೆ ಓಡಿದೆ. ಫೋಟೊ ತೆಗೆದೆ, ಊಟ ಮಾಡಿದೆ, ಬಂದೆ. ಊರು ಅರ್ಥವಾಗಲಿಲ್ಲ. ಎರಡನೇ ಸಲ ಬಾವಿಯಿಂದ ಶುರು ಮಾಡಿದೆ. ಆಗ ಗೊತ್ತಾಯಿತು, ಈ ಊರಿನ ಕಥೆಯೆಲ್ಲ ಎರಡೇ ವಿಷಯದ ಸುತ್ತ ಇದೆ ಅಂತ. ಒಂದು, ಸುಲಭವಾಗಿ ಕೊರೆಯಬಹುದಾದ ಕಲ್ಲು. ಇನ್ನೊಂದು, ಮೇಲೆ ಇಲ್ಲದ ನೀರು. ಕೆಳಗಿನ ದಾರಿ ಅದೇ ಲೆಕ್ಕದಲ್ಲಿದೆ: ಮೊದಲು ನೀರು, ಆಮೇಲೆ ಕಲ್ಲಿನ ಒಳಗೆ, ಕೊನೆಗೆ ಚರ್ಚು, ಅದೂ ಸಂಜೆ ಬಿಸಿಲಿನಲ್ಲಿ.

ಹೊರಡುವ ಮೊದಲು

ದಿನ ಆರಿಸುವಾಗ ಭಾನುವಾರ ಬಿಡಿ. ಬೆಳಿಗ್ಗೆ ಚರ್ಚಿನಲ್ಲಿ ಪ್ರಾರ್ಥನೆ ಇರುತ್ತದೆ, ನೋಡಲು ಬಂದವರಿಗೆ ಮಧ್ಯಾಹ್ನದವರೆಗೆ ಪ್ರವೇಶ ಕಷ್ಟ. ಗುರುವಾರ ಅಥವಾ ಶನಿವಾರ ಒಳ್ಳೆಯದು. ಆ ಎರಡು ದಿನ ಬೆಳಿಗ್ಗೆ ಪೊಪೊಲೊ ಚೌಕದಲ್ಲಿ ಸಂತೆ ಸೇರುತ್ತದೆ. ತರಕಾರಿ, ಚೀಸ್, ಹಣ್ಣು, ಬಟ್ಟೆ ಎಲ್ಲ ಇರುತ್ತದೆ. ಊರಿನವರನ್ನು ನೋಡಬೇಕು ಅಂದರೆ ಅದೇ ಜಾಗ.

ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ನಡೆಯಲು ಹಿತ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಬಿಸಿಲು ನಮ್ಮ ರಾಯಚೂರಿನವರನ್ನೂ ಸುಸ್ತು ಮಾಡುತ್ತದೆ.

ಹಿಡಿತ ಇರುವ ಶೂ ಹಾಕಿಕೊಳ್ಳಿ. ರಸ್ತೆಯೆಲ್ಲ ಕಲ್ಲು ಹಾಸಿದ್ದು, ಮಳೆ ಬಂದರೆ ಜಾರುತ್ತದೆ. ಬೇಸಿಗೆಯಲ್ಲೂ ಒಂದು ತೆಳು ಸ್ವೆಟರ್ ಇರಲಿ. ಬಾವಿ ಮತ್ತು ನೆಲದ ಕೆಳಗಿನ ಗುಹೆಗಳ ಒಳಗೆ ತಣ್ಣಗೆ, ತೇವವಾಗಿ ಇರುತ್ತದೆ. ಚರ್ಚಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಬೇಕು. ದೊಡ್ಡ ಸೂಟ್‌ಕೇಸ್ ತರಲೇಬೇಡಿ, ರೋಮಿನ ಹೋಟೆಲಿನಲ್ಲೇ ಬಿಟ್ಟು ಬನ್ನಿ.

ರೈಲು

ರೋಮಿನ ತೆರ್ಮಿನಿ ನಿಲ್ದಾಣದಿಂದ ರೀಜನಲ್ ರೈಲು ಹಿಡಿಯಿರಿ. ಒಂದೂಕಾಲರಿಂದ ಒಂದೂವರೆ ಗಂಟೆಯ ದಾರಿ. ರೋಮ್‌ನಿಂದ ಫ್ಲಾರೆನ್ಸಿಗೆ ಹಾರುವ ವೇಗದ ರೈಲುಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ 8 ಗಂಟೆಯ ಆಸುಪಾಸಿನ ರೈಲು ಹಿಡಿದರೆ ಇಡೀ ದಿನ ನಿಮ್ಮದು.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಬೋರ್ಡಿನಲ್ಲಿ ಒರ್ವಿಯೆತೊ ಅಂತ ಬರೆದಿರುವುದಿಲ್ಲ, ರೈಲಿನ ಕೊನೆಯ ನಿಲ್ದಾಣದ ಹೆಸರು ಇರುತ್ತದೆ. ಅದು ಹೆಚ್ಚಾಗಿ ಫ್ಲಾರೆನ್ಸ್, ಅಂದರೆ ಫಿರೆಂತ್ಸೆ. ಹಾಗಾಗಿ ಟಿಕೆಟ್ ಮೇಲಿನ ರೈಲು ನಂಬರ್ ನೋಡಿ ಹುಡುಕಿ. ಇನ್ನೊಂದು, ಈ ರೈಲುಗಳು ಎಷ್ಟೋ ಸಲ "1 ಎಸ್ತ್", "2 ಎಸ್ತ್" ಎಂಬ ಪ್ಲಾಟ್‌ಫಾರಂನಿಂದ ಹೊರಡುತ್ತವೆ. ಹೆಸರಿಗೆ ಒಂದನೇ ಪ್ಲಾಟ್‌ಫಾರಂ ಆದರೂ ಅದು ಬಹಳ ದೂರ. ನಡೆಯಲು ಹತ್ತು ನಿಮಿಷ ಇಟ್ಟುಕೊಳ್ಳಿ. ಮೂರನೆಯದು, ಕಾಗದದ ರೀಜನಲ್ ಟಿಕೆಟ್ ತೆಗೆದುಕೊಂಡಿದ್ದರೆ ಹತ್ತುವ ಮೊದಲು ಪ್ಲಾಟ್‌ಫಾರಂ ಹತ್ತಿರದ ಪುಟ್ಟ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮರೆತರೆ ದಂಡ. ನನ್ನ ಪಕ್ಕದಲ್ಲಿ ಕೂತಿದ್ದ ಗಂಡ ಹೆಂಡತಿ ಟಿಕೆಟ್ ಕೈಯಲ್ಲೇ ಹಿಡಿದುಕೊಂಡು ದಂಡ ಕಟ್ಟಿದ್ದನ್ನು ನೋಡಿದ್ದೇನೆ. ಮೊಬೈಲಿನಲ್ಲಿ ತೆಗೆದ ಟಿಕೆಟಿಗೆ ಚೆಕ್ ಇನ್ ಬೇಕಾ ಅಂತ ಟಿಕೆಟಿನಲ್ಲೇ ನೋಡಿಕೊಳ್ಳಿ.

ಮೇಲೆ ಹತ್ತುವುದು

ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಫ್ಯೂನಿಕ್ಯುಲರ್. ಹಗ್ಗ ಎಳೆಯುವ ಪುಟ್ಟ ರೈಲು ಅದು. 1888ರಲ್ಲಿ ಶುರುವಾದಾಗ ನೀರಿನ ಭಾರದಿಂದ ಓಡುತ್ತಿತ್ತು. ಮೇಲಿನ ಗಾಡಿಗೆ ನೀರು ತುಂಬಿಸುತ್ತಿದ್ದರು, ಅದು ಇಳಿಯುತ್ತಾ ಕೆಳಗಿನದನ್ನು ಮೇಲಕ್ಕೆ ಎಳೆಯುತ್ತಿತ್ತು. 1970ರಲ್ಲಿ ನಿಂತುಹೋಯಿತು. 1990ರಲ್ಲಿ ವಿದ್ಯುತ್ತಿನಿಂದ ಮತ್ತೆ ಶುರುವಾಯಿತು. ಎರಡು ಮೂರು ನಿಮಿಷದಲ್ಲಿ ಮೇಲಿನ ಕಾಹೆನ್ ಚೌಕದಲ್ಲಿ ಇಳಿಸುತ್ತದೆ.

ಬಾವಿ, ಗುಹೆ, ಗೋಪುರ, ಚರ್ಚು ಎಲ್ಲವನ್ನೂ ನೋಡುವ ಇರಾದೆ ಇದ್ದರೆ "ಕಾರ್ತಾ ಉನಿಕಾ" ಎಂಬ ಒಟ್ಟು ಟಿಕೆಟ್ ಕೇಳಿ. ಎರಡೇ ಜಾಗ ಸಾಕು ಅನ್ನುವವರಿಗೆ ಬಿಡಿ ಟಿಕೆಟ್ ಲಾಭ.

ಮೇಲೆ ಇಳಿದ ಕೂಡಲೇ ಚರ್ಚಿಗೆ ಹೋಗುವ ಬಸ್ ಕಾಯುತ್ತಿರುತ್ತದೆ. ಎಲ್ಲರೂ ಹತ್ತುತ್ತಾರೆ. ನೀವು ಹತ್ತಬೇಡಿ.

ಮೊದಲು ಬಾವಿ

ಫ್ಯೂನಿಕ್ಯುಲರ್ ಪಕ್ಕದಲ್ಲೇ, ಹೆಜ್ಜೆ ಎಣಿಸುವಷ್ಟು ಹತ್ತಿರದಲ್ಲಿ ಸಂತ ಪ್ಯಾಟ್ರಿಕ್ ಬಾವಿ ಇದೆ. ಸ್ಥಳೀಯರ ಬಾಯಲ್ಲಿ "ಪೊತ್ಸೊ ದಿ ಸಾನ್ ಪತ್ರೀತ್ಸಿಯೊ". ಬೆಳಿಗ್ಗೆ ಬೇಗ ಬಂದರೆ ಖಾಲಿ ಇರುತ್ತದೆ.

1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸನ ಸೈನ್ಯ ರೋಮನ್ನು ಲೂಟಿ ಮಾಡಿತು. ಪೋಪ್ ಏಳನೇ ಕ್ಲೆಮೆಂಟ್ ವೇಷ ಮರೆಸಿಕೊಂಡು ಇಲ್ಲಿಗೆ ಓಡಿಬಂದ. ಬಂಡೆಯ ಮೇಲಿನ ಊರನ್ನು ಹತ್ತಿ ಗೆಲ್ಲುವುದು ಕಷ್ಟ. ಆದರೆ ಮುತ್ತಿಗೆ ಹಾಕಿ ಕೂತರೆ? ನೀರು ಮುಗಿದರೆ ಊರು ಮುಗಿಯಿತು. ಆ ಭಯದಿಂದ ಹುಟ್ಟಿದ ಬಾವಿ ಇದು. ಕಟ್ಟಿದವನು ಶಿಲ್ಪಿ ಆಂಟೋನಿಯೊ ದಾ ಸಾಂಗಾಲೊ, ಕಿರಿಯವನು. ಕೆಲಸ ಮುಗಿದದ್ದು 1537ರಲ್ಲಿ. ಅಷ್ಟರಲ್ಲಿ ಕ್ಲೆಮೆಂಟ್ ತೀರಿಕೊಂಡು ಮೂರು ವರ್ಷವಾಗಿತ್ತು.

ಆಳ 53 ಮೀಟರಿಗೂ ಜಾಸ್ತಿ, ಅಗಲ 13 ಮೀಟರ್. 248 ಮೆಟ್ಟಿಲು. ಸಾಂಗಾಲೊನ ಜಾಣತನ ಆ ಮೆಟ್ಟಿಲುಗಳಲ್ಲೇ ಇದೆ. ನೀರು ಹೊರುತ್ತಿದ್ದದ್ದು ಹೇಸರಗತ್ತೆಗಳು. ಇಳಿಯುವ ಪ್ರಾಣಿಗೂ ಹತ್ತುವ ಪ್ರಾಣಿಗೂ ದಾರಿಯಲ್ಲಿ ಡಿಕ್ಕಿ ಆಗಬಾರದಲ್ವಾ? ಅದಕ್ಕೆ ಬಾವಿಯ ಸುತ್ತ ಎರಡು ಸುರುಳಿ ದಾರಿಗಳನ್ನು ಒಂದರ ಮೇಲೆ ಒಂದು ಹೆಣೆದ. ಎರಡೂ ಎಲ್ಲೂ ಸೇರುವುದಿಲ್ಲ. ಒಂದು ಬಾಗಿಲಲ್ಲಿ ಇಳಿಯುತ್ತೀರಿ, ತಳದಲ್ಲಿ ನೀರಿನ ಮೇಲೆ ಹಾಕಿದ ಚಿಕ್ಕ ಸೇತುವೆ ದಾಟುತ್ತೀರಿ, ಇನ್ನೊಂದು ಬಾಗಿಲಲ್ಲಿ ಹೊರಗೆ ಬರುತ್ತೀರಿ.

ಇಳಿಯುವಾಗ ಅವಸರ ಮಾಡಬೇಡಿ. ಮೆಟ್ಟಿಲು ಅಗಲ, ಎತ್ತರ ಕಡಿಮೆ. ಮನುಷ್ಯರಿಗಿಂತ ಗೊರಸಿಗೆ ಅಂತಲೇ ಮಾಡಿದ್ದು, ಕಾಲಿಟ್ಟರೆ ತಿಳಿಯುತ್ತದೆ. ಒಳಗೋಡೆಯಲ್ಲಿ ಸಾಲಾಗಿ ಕಮಾನು ಕಿಟಕಿಗಳು, ಸುಮಾರು 70. ಬೆಳಕು ಬರುವುದು ಮೇಲಿನ ಬಾಯಿಯಿಂದ ಮಾತ್ರ. ಮೊದಲ ಕಿಟಕಿಗಳಲ್ಲಿ ಬೆಳಕು ಬೆಳ್ಳಗೆ, ಆಮೇಲೆ ಹಸಿರು ಬೆರೆತ ಬೂದು, ತಳದ ಹತ್ತಿರ ಬರೀ ನೆರಳು. ಗೋಡೆ ಮುಟ್ಟಿದರೆ ಬೆರಳಿಗೆ ತೇವ. ಎದುರಿನ ಕಿಟಕಿಯಲ್ಲಿ ಯಾರೋ ಹತ್ತಿ ಹೋಗುವುದು ಕಾಣುತ್ತದೆ. ಅವರು ನಿಮ್ಮ ದಾರಿಗೆ ಯಾವತ್ತೂ ಸಿಗುವುದಿಲ್ಲ. ತಳಕ್ಕೆ ಹೋಗಿ ತಲೆ ಎತ್ತಿದರೆ ಆಕಾಶ ಒಂದು ಬಿಲ್ಲೆಯಷ್ಟೇ.

ಬಾವಿಯ ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲು ಕೆತ್ತಿದ್ದಾರೆ. ಪ್ರಕೃತಿ ಈ ಕೋಟೆಗೆ ಕೊಡದೆ ಹೋದದ್ದನ್ನು ದುಡಿಮೆ ಸೇರಿಸಿತು ಅನ್ನುವುದು ಅದರ ಅರ್ಥ. ಇಟಲಿಯವರು ಬತ್ತದ ಹಣದ ಮೂಲಕ್ಕೆ ಇವತ್ತಿಗೂ "ಸಂತ ಪ್ಯಾಟ್ರಿಕ್ ಬಾವಿ" ಅಂತಲೇ ಹೇಳುತ್ತಾರೆ.

ಮಂಡಿ ನೋವಿದ್ದವರು ಇಳಿಯುವುದು ಬೇಡ. ಇಳಿದಷ್ಟೂ ಹತ್ತಲೇಬೇಕು, ಲಿಫ್ಟ್ ಇಲ್ಲ. ಮೂರನೇ ಸಲ ಅಮ್ಮ ಜೊತೆಗಿದ್ದರು. ಅವರನ್ನು ಪಕ್ಕದ ಅಲ್ಬೊರ್ನೊಸ್ ಕೋಟೆಯ ತೋಟದಲ್ಲಿ ಕೂರಿಸಿದೆ. ಅಲ್ಲಿ ದುಡ್ಡಿಲ್ಲ, ನೆರಳಿದೆ, ಬೆಂಚಿದೆ, ಕೆಳಗೆ ಪಾಲಿಯಾ ಬಯಲು ಪೂರ್ತಿ ಕಾಣುತ್ತದೆ. ನಾನು ಹತ್ತಿ ಬರುವಷ್ಟರಲ್ಲಿ ಅಮ್ಮ ಕೆಳಗೆ ಹೋದ ರೈಲುಗಳನ್ನೆಲ್ಲ ಎಣಿಸಿಟ್ಟಿದ್ದರು.

ಊರಿನ ಒಳಗೆ, ಆಮೇಲೆ ಊರಿನ ಕೆಳಗೆ

ಕಾಹೆನ್ ಚೌಕದಿಂದ ಕೊರ್ಸೊ ಕಾವೂರ್ ಎಂಬ ಮುಖ್ಯ ಬೀದಿ ಹಿಡಿದು ನಡೆಯಿರಿ. ಸ್ವಲ್ಪ ಏರು, ಹದಿನೈದು ಇಪ್ಪತ್ತು ನಿಮಿಷ. ದಾರಿಯಲ್ಲಿ ಕಾಫಿ ಕುಡಿಯಿರಿ, ಕೌಂಟರಿನಲ್ಲಿ ನಿಂತೇ. ಮೇಜಿಗೆ ಕೂತರೆ ಅದೇ ಕಾಫಿಗೆ ಜಾಸ್ತಿ ಕೊಡಬೇಕಾಗಬಹುದು. ಬೀದಿಯ ನಡುವೆ ಮೊರೊ ಗೋಪುರ ಸಿಗುತ್ತದೆ, 47 ಮೀಟರ್ ಎತ್ತರ. ಬಾವಿ ಇಳಿದು ಹತ್ತಿದವರಿಗೆ ಅದೇ ದಿನ ಇದೂ ಬೇಕಾ? ಕಾಲಿಗೆ ಶಕ್ತಿ ಇದ್ದರೆ ಮಾತ್ರ ಹತ್ತಿ. ಮೇಲಿಂದ ಬಂಡೆಯ ಅಂಚು ಎಲ್ಲಿ ಮುಗಿಯುತ್ತದೆ ಅಂತ ನಾಲ್ಕೂ ಕಡೆ ಕಾಣುತ್ತದೆ.

ಅಲ್ಲಿಂದ ಚರ್ಚಿನ ಚೌಕಕ್ಕೆ ತಿರುಗಿ. ಚರ್ಚಿನ ಮುಖ ಕಂಡ ಕೂಡಲೇ ಕಾಲು ತಾನಾಗಿಯೇ ನಿಲ್ಲುತ್ತದೆ. ಒಂದು ಸಲ ನೋಡಿ, ಒಳಗೆ ಹೋಗಬೇಡಿ. ಎದುರಿನ ಪ್ರವಾಸಿ ಕಚೇರಿಯ ಹತ್ತಿರ ನೆಲದಡಿಯ ಒರ್ವಿಯೆತೊಗೆ, ಅಂದರೆ ಊರಿನ ಕೆಳಗಿನ ಗುಹೆಗಳಿಗೆ, ಟಿಕೆಟ್ ಸಿಗುತ್ತದೆ. ಇಲ್ಲಿ ಗೈಡ್ ಜೊತೆಯಲ್ಲೇ ಹೋಗಬೇಕು. ಇಂಗ್ಲಿಷ್ ಗೈಡ್ ದಿನಕ್ಕೆ ಕೆಲವೇ ಸಲ ಹೊರಡುತ್ತಾರೆ, ಹಿಂದಿನ ದಿನವೇ ಸಮಯ ನೋಡಿಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಮುಂಚಿನ ಸರದಿ ಸಿಕ್ಕರೆ ಇಡೀ ದಿನ ಸರಿಯಾಗಿ ಕೂರುತ್ತದೆ. ಒಂದು ಗಂಟೆಯ ಕೆಲಸ.

ಈ ಬಂಡೆ ತೂಫೊ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಮುರಕಲ್ಲಿನ ಹಾಗೆ ಇದನ್ನೂ ಸುಲಭವಾಗಿ ಕಡಿಯಬಹುದು, ಗಾಳಿಗೆ ಬಿಟ್ಟರೆ ಬಿಗಿಯಾಗುತ್ತದೆ. ಹಾಗಾಗಿ ಮನೆ ಕಟ್ಟಲು ಕಲ್ಲು ಬೇಕಾದವರು ತಮ್ಮ ಕಾಲ ಕೆಳಗೇ ಕೊರೆದರು. ಮೇಲೆ ಮನೆ ಬಂತು, ಕೆಳಗೆ ಗುಹೆ ಉಳಿಯಿತು. ಎರಡೂವರೆ ಸಾವಿರ ವರ್ಷ ಇದೇ ನಡೆಯಿತು. ಈಗ ಊರಿನ ಕೆಳಗೆ ಸುಮಾರು 1200 ಗುಹೆಗಳ ಲೆಕ್ಕ ಸಿಕ್ಕಿದೆ.

ಒಳಗೆ ಎರಡನ್ನು ಗಮನಿಸಿ. ಒಂದು, ರೋಮನ್ನರಿಗಿಂತ ಮೊದಲು ಇಲ್ಲಿ ಬಾಳಿದ ಎತ್ರುಸ್ಕನ್ನರು ತೋಡಿದ ಕಿರಿದಾದ ಬಾವಿಗಳು. ಒಬ್ಬ ಮನುಷ್ಯ ಹಿಡಿಸುವಷ್ಟೇ ಅಗಲ. ಎದುರುಬದುರು ಗೋಡೆಗಳಲ್ಲಿ ಕಾಲು ಇಡಲು ಚಿಕ್ಕ ಗುಳಿಗಳು, ಕೆಳಗಿನವರೆಗೂ ಸಾಲಾಗಿ. ತೋಡುತ್ತಾ ಹೋದವನು ಅವುಗಳಲ್ಲಿ ಕಾಲಿಟ್ಟೇ ಇಳಿದು ಹತ್ತಬೇಕಿತ್ತು. ಪೋಪನಿಗಿಂತ ಎರಡು ಸಾವಿರ ವರ್ಷ ಹಿಂದಿನವರಿಗೂ ಅದೇ ನೀರಿನ ಚಿಂತೆ ಇತ್ತು ಅನ್ನುವುದು ಆ ಗುಳಿಗಳನ್ನು ನೋಡಿದಾಗ ಹೊಳೆಯುತ್ತದೆ. ಇನ್ನೊಂದು, ಗೋಡೆ ತುಂಬ ಚೌಕ ಚೌಕ ಗೂಡುಗಳು. ಪಾರಿವಾಳ ಸಾಕುತ್ತಿದ್ದ ಕೋಣೆಗಳವು. ಬಂಡೆಯ ಅಂಚಿನ ಕಿಟಕಿಯಿಂದ ಹಕ್ಕಿಗಳು ಬಯಲಿಗೆ ಹಾರಿ ತಾವೇ ಮೇವು ಹುಡುಕಿಕೊಂಡು ಬರುತ್ತಿದ್ದವು. ಮನೆಯವರಿಗೆ ಸಾಕುವ ಖರ್ಚಿಲ್ಲ, ಮಾಂಸ ಸಿಗುತ್ತಿತ್ತು.

ಊಟ

ಹನ್ನೆರಡೂವರೆಯಿಂದ ಎರಡೂವರೆಯೊಳಗೆ ಊಟ ಮುಗಿಸಿ. ಆಮೇಲೆ ಅಡುಗೆಮನೆ ಮುಚ್ಚುತ್ತದೆ. ಅಂಗಡಿಗಳೂ ಮಧ್ಯಾಹ್ನ ಬಾಗಿಲು ಹಾಕುತ್ತವೆ.

ಇಲ್ಲಿ ತಿನ್ನಬೇಕಾದದ್ದು ಉಂಬ್ರಿಕೆಲ್ಲಿ. ಕೈಯಲ್ಲಿ ಹೊಸೆದ ಪಾಸ್ತಾ, ನಮ್ಮ ಶಾವಿಗೆಗಿಂತ ನಾಲ್ಕು ಪಟ್ಟು ದಪ್ಪ. ಸಾಂಪ್ರದಾಯಿಕವಾಗಿ ಹಿಟ್ಟು, ನೀರು ಅಷ್ಟೇ, ಮೊಟ್ಟೆ ಇಲ್ಲ. ಮೊಟ್ಟೆ ತಿನ್ನದ ನಮ್ಮವರಿಗೆ ಇದು ದೊಡ್ಡ ಸಮಾಧಾನ. ಆದರೂ ಕೇಳಿಯೇ ಹೇಳಿ. ಅರಾಬ್ಯಾತಾ ಸಾಸ್ ಅಂದರೆ ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸು. ನಮ್ಮ ನಾಲಿಗೆಗೆ ಕೂಡಲೇ ಹಿಡಿಸುತ್ತದೆ. ಟ್ರಫಲ್ ಎಂಬ ನೆಲದಡಿಯ ಅಣಬೆ ಹಾಕಿದ್ದೂ ಸಿಗುತ್ತದೆ. ಮಾಂಸ ತಿನ್ನುವವರು ಕಾಡುಹಂದಿಯ ಸಾಸ್ ಕೇಳಿ, ಅದು ಇಲ್ಲಿನ ವಿಶೇಷ. ಇಲ್ಲಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಮರೆತಿದ್ದಾರೆ ಅಂದುಕೊಳ್ಳಬೇಡಿ.

ಸಸ್ಯಾಹಾರಿಗಳು "ಸೆನ್ತ್ಸಾ ಕಾರ್ನೆ, ಸೆನ್ತ್ಸಾ ಪೇಶೆ" ಅಂತ ಹೇಳಿ. ಮಾಂಸ ಬೇಡ, ಮೀನು ಬೇಡ ಅಂತ. ಬರೀ ವೆಜಿಟೇರಿಯನ್ ಅಂದರೆ ಸಾರಿಗೆ ಮಾಂಸದ ನೀರು ಸೇರಿಬಿಡಬಹುದು. ಕಟ್ಟುನಿಟ್ಟಿನವರು ಗಮನಿಸಬೇಕಾದ್ದು: ಪೆಕೊರೀನೊದಂಥ ಚೀಸ್‌ಗಳಿಗೆ ಹಾಲು ಒಡೆಯಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ತಲೆಗೆ ಇಷ್ಟು ಅಂತ ಇರುತ್ತದೆ. ಅದು ಮೋಸ ಅಲ್ಲ, ಮೇಜಿನ ದರ.

ಊರು ಮಲಗಿದಾಗ

ಊಟ ಆದ ಮೇಲಿನ ಒಂದು ಗಂಟೆ ಹೊತ್ತನ್ನು ಜನ ಸುಮ್ನೆ ಕಳೆಯುತ್ತಾರೆ. ನನಗೆ ಅದೇ ಅತ್ಯಂತ ಇಷ್ಟದ ಹೊತ್ತು. ರಿಪಬ್ಲಿಕಾ ಚೌಕಕ್ಕೆ ಬನ್ನಿ. ಅಲ್ಲಿ ಸಂತ ಆಂದ್ರೆಯಾ ಚರ್ಚಿನ ಪಕ್ಕದ ಗೋಪುರಕ್ಕೆ ಹನ್ನೆರಡು ಮುಖ. ಎಣಿಸಿ ನೋಡಿ. ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಊರಿನ ಹಳೆಯ ಕೇರಿ. ಕಿರಿದಾದ ಓಣಿಗಳು, ಹೊರಗಿನಿಂದ ಹತ್ತುವ ಕಲ್ಲು ಮೆಟ್ಟಿಲು, ಕಿಟಕಿಯ ಕೆಳಗೆ ಹೂವಿನ ಕುಂಡ. ತುದಿಯಲ್ಲಿ ಸಂತ ಜೊವೆನಾಲೆ ಚರ್ಚು, 1004ರಿಂದ ನಿಂತಿದೆ. ಒಳಗೆ ಕಂಬ, ಗೋಡೆಗಳ ಮೇಲೆ ಅರ್ಧ ಅಳಿಸಿದ ಚಿತ್ರಗಳು. ಕಾವಲಿಲ್ಲ, ಗದ್ದಲವಿಲ್ಲ. ಹೊರಗೆ ಮೋಟು ಗೋಡೆ ಹಿಡಿದು ಬಗ್ಗಿದರೆ ಬಂಡೆ ನೇರ ಕೆಳಗೆ ಬೀಳುತ್ತದೆ. ಅಮ್ಮ ಇಲ್ಲಿ ನನ್ನ ತೋಳು ಹಿಡಿದುಕೊಂಡೇ ನಿಂತಿದ್ದರು.

ಕೊನೆಗೆ ದೊಡ್ಡ ಚರ್ಚು

ಮೂರು ಗಂಟೆಗೆ ಚರ್ಚಿಗೆ ಬನ್ನಿ. 1263ರಲ್ಲಿ ಹತ್ತಿರದ ಬೊಲ್ಸೇನಾದಲ್ಲಿ ಒಬ್ಬ ಪಾದ್ರಿ ಪೂಜೆ ಮಾಡುವಾಗ ಪ್ರಸಾದದ ರೊಟ್ಟಿಯಿಂದ ರಕ್ತ ಸುರಿದು ಬಟ್ಟೆಯ ಮೇಲೆ ಕಲೆ ಆಯಿತು ಎಂದು ನಂಬಿಕೆ. ಆ ಬಟ್ಟೆಯನ್ನು ಇಲ್ಲಿಗೆ ತಂದರು. ಮರುವರ್ಷ, 1264ರಲ್ಲಿ, ಪೋಪ್ ನಾಲ್ಕನೇ ಅರ್ಬನ್ ಇದೇ ಊರಿನಿಂದ ಕಾರ್ಪಸ್ ಕ್ರಿಸ್ಟಿ, ಅಂದರೆ ಕ್ರಿಸ್ತನ ದೇಹದ ಹಬ್ಬವನ್ನು ಘೋಷಿಸಿದ. 1290ರಲ್ಲಿ ಚರ್ಚಿಗೆ ಅಡಿಗಲ್ಲು ಬಿತ್ತು. ಆ ಬಟ್ಟೆ ಇವತ್ತಿಗೂ ಒಳಗೆ ಎಡಗಡೆಯ ಚಾಪೆಲಿನಲ್ಲಿ, ಅಂದರೆ ಚರ್ಚಿನೊಳಗಿನ ಚಿಕ್ಕ ಪ್ರಾರ್ಥನಾ ಕೋಣೆಯಲ್ಲಿದೆ.

ಒಳಗೆ ಕಾಲಿಟ್ಟರೆ ಖಾಲಿ ಅನ್ನಿಸುತ್ತದೆ. ಬಿಳಿ, ಬೂದು ಪಟ್ಟೆಗಳ ಕಂಬ ಮತ್ತು ಗೋಡೆ. ಸಾಲು ಕಂಬಗಳ ಬಳಿ ಅಪೊಸ್ತಲರ, ಅಂದರೆ ಯೇಸುವಿನ ಶಿಷ್ಯರ ದೊಡ್ಡ ಪ್ರತಿಮೆಗಳಿವೆ. 1897ರಲ್ಲಿ ಹೊರಗೆ ಹಾಕಿದ್ದನ್ನು 2019ರಲ್ಲಷ್ಟೇ ವಾಪಸ್ ತಂದು ನಿಲ್ಲಿಸಿದರು.

ನೇರ ಬಲಗಡೆಯ ಸಾನ್ ಬ್ರೀತ್ಸಿಯೊ ಚಾಪೆಲಿಗೆ ಹೋಗಿ. ಈ ಪ್ರವಾಸದಲ್ಲಿ ಒಂದೇ ಕಡೆ ಅರ್ಧ ಗಂಟೆ ಕೂರಬಹುದು ಅಂದರೆ ಅದು ಇಲ್ಲೇ. ಫ್ರಾ ಆಂಜೆಲಿಕೊ 1447ರಲ್ಲಿ ಚಾವಣಿಯ ಚಿತ್ರ ಶುರು ಮಾಡಿ ಬಿಟ್ಟುಹೋದ. ಲೂಕಾ ಸಿನ್ಯೊರೆಲ್ಲಿ 1499ರಲ್ಲಿ ಬಂದು 1504ರ ಹೊತ್ತಿಗೆ ಮುಗಿಸಿದ. ವಿಷಯ ಪ್ರಪಂಚದ ಕೊನೆ ಮತ್ತು ದೇವರ ಕೊನೆಯ ತೀರ್ಪು.

ಮೊದಲು ಎಡಗೋಡೆ ನೋಡಿ. ಒಬ್ಬ ಪೀಠದ ಮೇಲೆ ನಿಂತು ಬೋಧಿಸುತ್ತಿದ್ದಾನೆ, ಮುಖ ಥೇಟ್ ಯೇಸುವಿನದು. ಹತ್ತಿರ ಹೋಗಿ. ಅವನು ಆಂಟಿಕ್ರೈಸ್ಟ್, ಕೊನೆಗಾಲದ ಸುಳ್ಳು ಕ್ರಿಸ್ತ. ಅವನ ಹಿಂದೆ ಅಂಟಿಕೊಂಡು ದೆವ್ವ ನಿಂತಿದೆ, ಕಿವಿಯಲ್ಲಿ ಮಾತು ಹೇಳಿಕೊಡುತ್ತಿದೆ. ಅವನ ತೋಳು ಯಾವುದು, ದೆವ್ವದ ತೋಳು ಯಾವುದು ಅಂತ ಬೇರೆ ಮಾಡುವುದೇ ಕಷ್ಟ. ಚಿತ್ರದ ಎಡ ಮೂಲೆಯಲ್ಲಿ ಕಪ್ಪು ಬಟ್ಟೆಯ ಇಬ್ಬರು ನಿಂತು ಈ ಗಲಭೆಯನ್ನು ನೋಡುತ್ತಿದ್ದಾರೆ. ಒಬ್ಬ ಸಿನ್ಯೊರೆಲ್ಲಿಯೇ, ಅವನ ಹಿಂದೆ ಫ್ರಾ ಆಂಜೆಲಿಕೊ. ತನಗಿಂತ ಮೊದಲು ಇಲ್ಲಿ ಕೆಲಸ ಮಾಡಿದವನಿಗೆ ಪಕ್ಕದಲ್ಲೇ ಜಾಗ ಕೊಟ್ಟಿದ್ದಾನೆ.

ಬಲಗೋಡೆಯಲ್ಲಿ ಸತ್ತವರು ಏಳುತ್ತಿದ್ದಾರೆ. ನೆಲ ಬೆಳ್ಳಗೆ, ನುಣ್ಣಗೆ ಇದೆ. ಕೆಲವರ ತಲೆ ಮಾತ್ರ ಹೊರಗೆ ಬಂದಿದೆ. ಕೆಲವರು ಎರಡೂ ಕೈ ನೆಲಕ್ಕೂರಿ ಮೈ ಎತ್ತುತ್ತಿದ್ದಾರೆ, ಕೊಳದಿಂದ ದಡಕ್ಕೆ ಹತ್ತುವವರ ಹಾಗೆ. ಇನ್ನೂ ಮಾಂಸ ಕೂಡದ ಅಸ್ಥಿಪಂಜರಗಳು ಒಂದು ಕಡೆ ನಿಂತಿವೆ. ಎದ್ದವರಲ್ಲಿ ಇಬ್ಬರು ಮೂವರು ಒಬ್ಬರನ್ನೊಬ್ಬರು ಗುರುತು ಹಿಡಿದು ತಬ್ಬಿಕೊಂಡಿದ್ದಾರೆ. ಮೈಕೆಲ್ಯಾಂಜೆಲೊ ರೋಮಿನ ಸಿಸ್ಟೀನ್ ಚಾಪೆಲಿನಲ್ಲಿ ಇದೇ ಕೊನೆಯ ತೀರ್ಪನ್ನು ಬರೆದದ್ದು ಮೂವತ್ತು ವರ್ಷಕ್ಕೂ ಹೆಚ್ಚು ಆದ ಮೇಲೆ. ಆಗುವುದಾದರೆ ಇದನ್ನು ಮೊದಲು ನೋಡಿ, ಮರುದಿನ ಅದನ್ನು ನೋಡಿ. ಅಲ್ಲಿನ ನೂಕುನುಗ್ಗಲಿನಲ್ಲಿ ಇಲ್ಲಿ ಕೂತು ನೋಡಿದ್ದು ನೆನಪಾಗುತ್ತದೆ.

ಹೊರಗೆ ಬರುವಷ್ಟರಲ್ಲಿ ಬಿಸಿಲು ವಾಲಿರುತ್ತದೆ. ಚರ್ಚಿನ ಮುಖ ಪಶ್ಚಿಮದ ಕಡೆ ತಿರುಗಿದೆ. ಬೆಳಿಗ್ಗೆ ಮಂಕಾಗಿದ್ದ ಚಿನ್ನದ ಮೊಸಾಯಿಕ್ ಈಗ ಹೊಳೆಯುತ್ತದೆ. ಬೇಸಿಗೆಯಲ್ಲಾದರೆ ಇದಕ್ಕೆ ಇನ್ನೂ ಎರಡು ಮೂರು ಗಂಟೆ ಕಾಯಬೇಕು. ಕಣ್ಣು ಮೇಲೆಯೇ ನಿಲ್ಲುತ್ತದೆ, ನಿಧಾನಕ್ಕೆ ಕೆಳಗೆ ತನ್ನಿ. ಬಾಗಿಲುಗಳ ಅಕ್ಕಪಕ್ಕದ ನಾಲ್ಕು ಅಗಲ ಕಂಬಗಳಲ್ಲಿ ಸಣ್ಣ ಸಣ್ಣ ಉಬ್ಬು ಕೆತ್ತನೆಗಳಿವೆ. 1310ರಿಂದ ಇಲ್ಲಿ ದುಡಿದ ಸಿಯೆನಾದ ಲೊರೆಂತ್ಸೊ ಮೈತಾನಿಯ ಕಾಲದವು. ಎಡ ತುದಿಯಲ್ಲಿ ಸೃಷ್ಟಿಯ ಕಥೆ: ಆದಾಮ ಮಲಗಿದ್ದಾನೆ, ದೇವರು ಬಗ್ಗಿ ಅವನ ಪಕ್ಕೆಗೆ ಕೈ ಹಾಕಿದ್ದಾನೆ. ಬಲ ತುದಿಯಲ್ಲಿ ಕೊನೆಯ ತೀರ್ಪು. ಒಳಗೆ ಬಣ್ಣದಲ್ಲಿ ನೋಡಿದ್ದೇ ಇಲ್ಲಿ ಕಲ್ಲಿನಲ್ಲಿ.

ವಾಪಸ್

ಇನ್ನೂ ಹೊತ್ತಿದ್ದರೆ, ಬೇಕಾದರೆ ಮಾತ್ರ, ಬಂಡೆಯ ಬುಡದ ಕ್ರೊಚಿಫಿಸ್ಸೊ ದೆಲ್ ತೂಫೊ ಸಮಾಧಿಗಳಿಗೆ ಹೋಗಿ. ತೆರೆದಿರುವ ದಿನ, ಸಮಯ ಮೊದಲೇ ನೋಡಿಕೊಂಡಿರಿ. ಕ್ರಿಸ್ತಪೂರ್ವ 6ನೇ ಶತಮಾನದ ಎತ್ರುಸ್ಕನ್ ಊರಿನವರ ಸಮಾಧಿಗಳು ಬೀದಿಯ ಮನೆಗಳ ಹಾಗೆ ಸಾಲಾಗಿವೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಬಲದಿಂದ ಎಡಕ್ಕೆ ಹೆಸರು ಕೆತ್ತಿದ್ದಾರೆ. ಎಷ್ಟೋ ಸಾಲು ಶುರುವಾಗುವುದು "ಮಿ" ಅಂತ, ಅಂದರೆ "ನಾನು". ನಾನು ಇಂಥವನದು ಅಂತ ಸಮಾಧಿಯೇ ಮಾತಾಡುತ್ತದೆ. ಕ್ರಿಸ್ತಪೂರ್ವ 264ರಲ್ಲಿ ರೋಮನ್ನರು ಆ ಊರನ್ನು ಹಾಳುಮಾಡಿ ಜನರನ್ನು ಬೊಲ್ಸೇನಾ ಕಡೆಗೆ ಸಾಗಿಸಿದರು. ಆಮೇಲೆ ಬಂದವರು ಇದನ್ನು ಕರೆದದ್ದು ಲ್ಯಾಟಿನ್‌ನಲ್ಲಿ "ಹಳೇ ಊರು" ಅಂತ, ಊರ್ಬ್ಸ್ ವೇತುಸ್. ಒರ್ವಿಯೆತೊ ಹೆಸರು ಬಂದದ್ದೇ ಹಾಗೆ.

ಅದೇ ದಿನ ಹತ್ತಿರದ ಚಿವಿತಾ ದಿ ಬಾನ್ಯೊರೆಜ್ಜೊ ಕೂಡ ನೋಡಿಬಿಡೋಣ ಅನ್ನುವವರು ತುಂಬ ಜನ. ಬೇಡ. ಬಸ್ ಹೊತ್ತಿಗೆ ಓಡಿ ಎರಡೂ ಊರು ಅರ್ಧ ಅರ್ಧ ಆಗುತ್ತದೆ.

ಫ್ಯೂನಿಕ್ಯುಲರ್ ರಾತ್ರಿ ನಿಂತುಹೋಗುತ್ತದೆ. ಬೆಳಿಗ್ಗೆ ಇಳಿದಾಗಲೇ ಬೋರ್ಡಿನ ಕೊನೆ ಸಮಯದ ಫೋಟೊ ತೆಗೆದಿಟ್ಟುಕೊಳ್ಳಿ. ರೋಮಿಗೆ ಹೋಗುವ ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿದು ಕೂರಿ. ರೈಲು ಹೊರಟ ಮೇಲೂ ಸ್ವಲ್ಪ ದೂರ ಆ ಬಂಡೆ ಕಾಣುತ್ತಿರುತ್ತದೆ.